ಓದುಗರ ಪ್ರಶ್ನೆ, ನಮ್ಮ ಉತ್ತರ: ಹಸುಗೂಸಿನ ಮೊದಲ ತಿಂಗಳುಗಳು

ಈ ಸಲದ ಪತ್ರಗಳಲ್ಲಿ ಬಹುಪಾಲು ಬಾಣಂತಿ ಕೋಣೆಯಿಂದಲೇ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಚೊಚ್ಚಲ ಹೆರಿಗೆ. ಮಗಳಿಗೆ ಹದಿನೆಂಟು ದಿನ. ಹಾಲು ಕುಡಿದು ಅರ್ಧ ಗಂಟೆಗೆಲ್ಲ ಮತ್ತೆ ಅಳುತ್ತಾಳೆ, ಸಂಜೆಯಾದರಂತೂ ಎದೆ ಬಿಡುವುದೇ ಇಲ್ಲ. ‘ನಿನಗೆ ಹಾಲು ಸಾಲದು, ಡಬ್ಬಿ ಹಾಲು ಶುರು ಮಾಡು’ ಅನ್ನುತ್ತಾರೆ ಅತ್ತೆ. ಸಾಲುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?
– ಹಾವೇರಿ

ಉತ್ತರ: ಅಳು ನೋಡಿ ಹಾಲು ಅಳೆಯಲಾಗದು. ಅಳೆಯಲು ಇರುವ ಸಾಧನ ಎರಡೇ: ಒದ್ದೆ ಬಟ್ಟೆ, ತಕ್ಕಡಿ.

ಹುಟ್ಟಿದ ದಿನ ಮಗು ಒಮ್ಮೆ ಉಚ್ಚೆ ಹೊಯ್ದರೂ ಸಾಕು. ಎರಡನೆಯ ದಿನ ಎರಡು ಸಲ, ಮೂರನೆಯ ದಿನ ಮೂರು, ಹೀಗೆ ಏರುತ್ತಾ ಹೋಗಿ ಆರನೆಯ ದಿನದಿಂದ ಹಗಲು ರಾತ್ರಿ ಸೇರಿ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಡಯಾಪರ್ ಹಾಕಿದರೆ ಈ ಲೆಕ್ಕ ಸಿಗುವುದಿಲ್ಲ. ಅನುಮಾನವಿದ್ದರೆ ಎರಡು ದಿನ ಹಳೆಯ ಸೀರೆಯ ಬಟ್ಟೆಯನ್ನೇ ಕಟ್ಟಿ ಎಣಿಸಿ. ಮಲ ಮೊದಲೆರಡು ದಿನ ಡಾಂಬರಿನಂತೆ ಕಪ್ಪಗೆ, ಆಮೇಲೆ ಹಸಿರುಗಪ್ಪು, ಐದನೆಯ ದಿನದ ಹೊತ್ತಿಗೆ ಅರೆದ ಸಾಸಿವೆಯ ಹಳದಿಗೆ ತಿರುಗಬೇಕು.

ಇನ್ನು ತೂಕ. ಮೊದಲ ವಾರ ಬಹುತೇಕ ಎಲ್ಲ ಮಕ್ಕಳೂ ಇಳಿಯುತ್ತವೆ. 2.9 ಕಿಲೋ ಹುಟ್ಟಿದ್ದು ನಾಲ್ಕನೆಯ ದಿನ 2.7 ಆಗಿದ್ದರೆ ಗಾಬರಿ ಬೇಡ, ಆದರೆ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಇಳಿಯಬಾರದು. ಎರಡು ವಾರಕ್ಕೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂ, ಅಂದರೆ ವಾರಕ್ಕೆ ಸುಮಾರು 150–200 ಗ್ರಾಂ ಏರಿಕೆ. ನಿಮ್ಮ ಮಗಳಿಗೆ ಹದಿನೆಂಟು ದಿನವಾಗಿದೆ, ಇವತ್ತೇ ತೂಗಿಸಿ ನೋಡಬಹುದು. ಪ್ರತಿ ಸಲವೂ ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿಯೇ ತೂಗಿಸಿ. ಒಂದು ವಾರ ಅಂಗನವಾಡಿಯಲ್ಲಿ ಸ್ವೆಟರ್ ಹಾಕಿ, ಮುಂದಿನ ವಾರ ಕ್ಲಿನಿಕ್ಕಿನಲ್ಲಿ ಬರಿಮೈಯಲ್ಲಿ ತೂಗಿಸಿ ‘ಮಗು ಇಳಿದುಹೋಯಿತು’ ಎಂದು ಅತ್ತವರುಂಟು.

ಸಂಜೆ ಆರರಿಂದ ಹತ್ತರವರೆಗೆ ಮಗು ಮತ್ತೆ ಮತ್ತೆ ಎದೆಗೆ ಬರುವುದು ಈ ವಯಸ್ಸಿನ ರೀತಿ. ಎರಡು–ಮೂರನೆಯ ವಾರದಲ್ಲೊಮ್ಮೆ, ಆರನೆಯ ವಾರದಲ್ಲೊಮ್ಮೆ ಇದು ಇನ್ನೂ ಜೋರಾಗುತ್ತದೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸುವುದು ಸಾಮಾನ್ಯ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ಊರುತ್ತದೆ. ಈ ಹೊತ್ತಿನಲ್ಲಿ ಬಾಟಲಿ ಕೊಟ್ಟರೆ ಎದೆ ಖಾಲಿಯಾಗುವುದಿಲ್ಲ, ಮರುದಿನ ನಿಜಕ್ಕೂ ಹಾಲು ಕಡಿಮೆಯಾಗುತ್ತದೆ, ಅತ್ತೆಯ ಮಾತೇ ನಿಜವಾಗುತ್ತದೆ!

ಕಚ್ಚುವ ರೀತಿಯನ್ನೂ ನೋಡಿಕೊಳ್ಳಿ. ಬಾಯಿ ಆಕಳಿಸಿದಷ್ಟು ಅಗಲ ತೆರೆದಿರಬೇಕು, ಗಲ್ಲ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಗುಚಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗ ಮಗುವಿನ ಮೇಲ್ತುಟಿಯ ಕಡೆಗೆ ಹೆಚ್ಚು ಕಾಣಬೇಕು. ಮೊದಲ ಒಂದೆರಡು ನಿಮಿಷ ಬಿಟ್ಟು ಆಮೇಲೂ ನೋಯುತ್ತಿದ್ದರೆ ಮಗು ಬರೀ ತೊಟ್ಟು ಚೀಪುತ್ತಿದೆ ಎಂದರ್ಥ. ಬಾಯಿಯ ಅಂಚಿನಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಒಂದು ಕಡೆಯದನ್ನು ಪೂರ್ತಿ ಕುಡಿಸಿಯೇ ಇನ್ನೊಂದು ಕಡೆಗೆ ಹೋಗಿ. ಆರನೆಯ ವಾರದ ಹೊತ್ತಿಗೆ ಎದೆಯ ಬಿಗುವು ಇಳಿದು ಮೆತ್ತಗಾಗುತ್ತದೆ. ಹಾಲು ಬತ್ತಿತೆಂದಲ್ಲ, ಬೇಡಿಕೆಗೆ ಹೊಂದಿಕೊಂಡಿದೆ ಅಷ್ಟೆ.

ನಾಲ್ಕನೆಯ ದಿನದ ನಂತರವೂ ಬಟ್ಟೆಯಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಕಲೆ, ಆರಕ್ಕಿಂತ ಕಡಿಮೆ ಉಚ್ಚೆ, ಹಾಲಿಗೂ ಏಳದಷ್ಟು ನಿದ್ದೆ, ಏರದ ತೂಕ: ಇವು ಕಂಡರೆ ಮಾತ್ರ ಹಾಲು ನಿಜಕ್ಕೂ ಸಾಲುತ್ತಿಲ್ಲ. ಮಕ್ಕಳ ವೈದ್ಯರಿಗೆ ತೋರಿಸಿ. ಮೇಲೆ ಕುಡಿಸಬೇಕಾಗಿ ಬಂದರೂ ಹಿಂಡಿದ ಎದೆಹಾಲಿಗೇ ಮೊದಲ ಸ್ಥಾನ, ಅದೂ ಬಾಟಲಿಯಲ್ಲಲ್ಲ, ಒಳಲೆಯಲ್ಲಿ. ಡಬ್ಬಿ ಹಾಲೇ ಅನಿವಾರ್ಯವಾದರೆ ಡಬ್ಬಿಯ ಮೇಲಿನ ಅಳತೆಯೇ ಅಳತೆ. ಸಾಮಾನ್ಯವಾಗಿ 30 ಎಂ.ಎಲ್. ನೀರಿಗೆ ಡಬ್ಬಿಯಲ್ಲೇ ಬರುವ ಚಮಚದಲ್ಲಿ ಒಂದು ಮಟ್ಟಸ ಚಮಚ. ಡಬ್ಬಿ ಹೆಚ್ಚು ದಿನ ಬರಲಿ ಎಂದು ತೆಳ್ಳಗೆ ಕಲಸಿದರೆ ಮಗುವಿನ ಹೊಟ್ಟೆ ನೀರಿನಿಂದ ತುಂಬುತ್ತದೆ, ತೂಕ ನಿಲ್ಲುತ್ತದೆ.

ಪ್ರಶ್ನೆ: ಹೆಂಡತಿ ತವರಿನಲ್ಲಿ ಬಾಣಂತನದಲ್ಲಿದ್ದಾಳೆ. ನಲವತ್ತು ದಿನ ಬೆಳ್ತಿಗೆ (ಪಾಲಿಶ್ ಮಾಡಿದ ಬಿಳಿ ಅಕ್ಕಿ) ಅನ್ನ, ಕಾಳುಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ ಇಷ್ಟೇ. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ನಂಜು. ನೀರೂ ದಿನಕ್ಕೆ ಎರಡು ಲೋಟ ಮಾತ್ರ. ಊಟವಾದ ಮೇಲೆ ಎಲೆ ಅಡಿಕೆ ಕಡ್ಡಾಯ. ಹೇಳಿದರೆ ‘ನಾವೆಲ್ಲ ಹೀಗೇ ಹೆತ್ತವರು’ ಅನ್ನುತ್ತಾರೆ. ಮಗುವಿಗೆ ಇದರಿಂದ ತೊಂದರೆಯುಂಟೇ?
– ಪುತ್ತೂರು

ಉತ್ತರ: ಉಂಟು, ಅದೂ ಜೀವಕ್ಕೇ. ಈ ತಿಂಗಳ ಪತ್ರಗಳಲ್ಲಿ ನಮಗೆ ಅತಿ ಮುಖ್ಯವಾಗಿ ಕಂಡದ್ದು ನಿಮ್ಮದು.

ಥಯಮಿನ್ ಅಂದರೆ ಬಿ1 ಜೀವಸತ್ವ ನಮ್ಮ ಮೈಯಲ್ಲಿ ಎರಡು–ಮೂರು ವಾರಕ್ಕಾಗುವಷ್ಟು ಮಾತ್ರ ಶೇಖರವಾಗಿರುತ್ತದೆ. ಅಕ್ಕಿಯಲ್ಲಿ ಅದು ಇರುವುದು ತೌಡಿನಲ್ಲಿ. ಪಾಲಿಶ್ ಮಾಡಿದಾಗ ತೌಡು ಹೋಗುತ್ತದೆ, ನಾಲ್ಕು ಸಲ ತೊಳೆದಾಗ ಮತ್ತಷ್ಟು ಹೋಗುತ್ತದೆ, ಗಂಜಿ ಬಸಿದಾಗ ಉಳಿದದ್ದೂ ತಿಳಿಯ ಜೊತೆ ಹೋಗುತ್ತದೆ. ಎಲೆ ಅಡಿಕೆಯ ಒಗರು, ಕಡು ಚಹಾದ ಒಗರು ಹೊಟ್ಟೆಗೆ ಬಂದ ಅಲ್ಪಸ್ವಲ್ಪವನ್ನೂ ಕೆಡಿಸುತ್ತದೆ. ತಾಯಿಗೆ ಸಿಗದ್ದು ಹಾಲಿಗೂ ಇಳಿಯುವುದಿಲ್ಲ. ತಾಯಿಗೆ ಕೈಕಾಲು ಜೋಮು, ಸುಸ್ತು ಅಷ್ಟೇ ಇರಬಹುದು, ಎಷ್ಟೋ ಸಲ ಏನೂ ಇರುವುದಿಲ್ಲ. ಪೆಟ್ಟು ಬೀಳುವುದು ಮಗುವಿನ ಹೃದಯ, ಶ್ವಾಸಕೋಶಗಳಿಗೆ. ಎದೆಹಾಲನ್ನಷ್ಟೇ ಕುಡಿಯುತ್ತಿದ್ದ, ತಾಯಂದಿರು ಇಂಥ ಪಥ್ಯದಲ್ಲಿದ್ದ ಶಿಶುಗಳಿಗೆ ಶ್ವಾಸಕೋಶದ ರಕ್ತನಾಳಗಳ ಒತ್ತಡ ವಿಪರೀತ ಏರಿ, ಥಯಮಿನ್ ಕೊಟ್ಟೊಡನೆ ಚೇತರಿಸಿಕೊಂಡದ್ದನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ.

ಇದು ಹೆಚ್ಚಾಗಿ ಕಾಣುವುದು ಎರಡರಿಂದ ನಾಲ್ಕು ತಿಂಗಳಲ್ಲಿ. ನಿನ್ನೆಯವರೆಗೆ ಗುಂಡಗೆ ನಗುತ್ತಿದ್ದ ಮಗು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಬಿಡದೆ ನರಳುತ್ತದೆ, ಉಸಿರು ವೇಗವಾಗುತ್ತದೆ. ಕೆಲವು ಮಕ್ಕಳಲ್ಲಿ ಅಳುವ ಬಾಯಿ ಕಾಣುತ್ತದೆ, ದನಿ ಕೇಳುವುದಿಲ್ಲ. ಹೀಗಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ತಾಯಿ ಏನು ತಿನ್ನುತ್ತಿದ್ದಾಳೆಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಆ ಒಂದು ಮಾತಿನಿಂದ ಥಯಮಿನ್ ಇಂಜೆಕ್ಷನ್ ಒಂದು ತಾಸು ಮೊದಲು ಸಿಗಬಹುದು.

ಅಡುಗೆಮನೆಯಲ್ಲಿ ಮಾಡಬೇಕಾದ್ದು ದೊಡ್ಡದೇನಲ್ಲ. ಬೆಳ್ತಿಗೆಯ ಬದಲು ಕುಚ್ಚಲಕ್ಕಿ. ಭತ್ತವನ್ನು ಕುಚ್ಚುವಾಗ ತೌಡಿನ ಸತ್ವ ಕಾಳಿನ ಒಳಕ್ಕೆ ಇಳಿಯುವುದರಿಂದ ಗಿರಣಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ; ನಿಮ್ಮ ಊರಿನ ಹಳಬರ ಗಂಜಿಯೂಟ ಈ ವಿಷಯದಲ್ಲಿ ಇಂದಿನ ‘ಪಥ್ಯ’ಕ್ಕಿಂತ ಎಷ್ಟೋ ಮೇಲು. ತಿಳಿ ಚೆಲ್ಲಬೇಡಿ. ದಿನಕ್ಕೆ ಎರಡು ಹೊತ್ತು ಹೆಸರು ಅಥವಾ ತೊಗರಿ ಬೇಳೆ, ಹುರುಳಿ ಸಾರು, ಎಳ್ಳು–ಶೇಂಗಾ ಚಟ್ನಿ, ಸೊಪ್ಪು, ಹಣ್ಣು; ತಿನ್ನುವವರಾದರೆ ಮೊಟ್ಟೆ, ಬೇಯಿಸಿದ ಮೀನು. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು, ಅಂದರೆ ಇನ್ನೊಂದು ಸರಿಯಾದ ಊಟವೇ ಬೇಕು. ಬೇಳೆಯಿಂದ ತಾಯಿಗಾಗುವ ವಾಯು ಹಾಲಿಗೆ ಇಳಿಯುವುದಿಲ್ಲ. ಗಾಳಿ ಕರುಳಿನಲ್ಲೇ ಉಳಿಯುತ್ತದೆ. ನೀರನ್ನು ತಡೆದರೆ ಹೊಲಿಗೆ ಬೇಗ ಒಣಗುತ್ತದೆನ್ನುವುದೂ ಸುಳ್ಳು. ತಡೆದರೆ ಬರುವುದು ಮಲಬದ್ಧತೆ, ಉರಿಮೂತ್ರ. ಪ್ರತಿ ಸಲ ಹಾಲೂಡಿಸಲು ಕೂರುವಾಗ ಒಂದು ಲೋಟ ನೀರು ಪಕ್ಕದಲ್ಲಿರಲಿ, ಬಿಸಿನೀರೇ ಆಗಲಿ ಎಂದರೆ ಹಾಗೇ ಆಗಲಿ. ಅಂಟಿನ ಉಂಡೆ, ಮೆಂತ್ಯದ ಗಂಜಿ, ಸಬ್ಬಸಿಗೆ, ಬೆಳ್ಳುಳ್ಳಿ ಯಾವುದನ್ನೂ ಬಿಡಬೇಕಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಹೆರಿಗೆಯ ನಂತರವೂ 180 ದಿನ ನಡೆಯಬೇಕು. ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಬಿಡಿ.

ಅತ್ತೆ ಮಾವನೊಂದಿಗೆ ವಾದ ಮಾಡುವುದಕ್ಕಿಂತ ಮುಂದಿನ ಲಸಿಕೆಯ ದಿನ ಅವರನ್ನೂ ಕರೆದೊಯ್ದು ವೈದ್ಯರ ಬಾಯಿಂದಲೇ ಹೇಳಿಸಿ. ಅಳಿಯನ ಮಾತು ಬಾಣಂತಿ ಕೋಣೆಯಲ್ಲಿ ನಡೆಯುವುದು ಕಷ್ಟ.

ಪ್ರಶ್ನೆ: ಮೊಮ್ಮಗಗ ಒಂದು ತಿಂಗಳಾಗೇದ. ನಮ್ಮ ಕಡೆ ಕೂಸಿಗೆ ಗುಟ್ಟಿ ಹಾಕದ ಮನಿ ಇಲ್ಲ: ಬಜೆ, ಜಾಜಿಕಾಯಿ, ಅಳಲೆಕಾಯಿ ತೇದು, ಜೇನುತುಪ್ಪದಾಗ ಕಲಿಸಿ ಕೊಡತೀವಿ. ವಾರಕ್ಕೊಮ್ಮೆ ಔಡಲೆಣ್ಣಿ. ಸೊಸಿ ಬ್ಯಾಡಂತಾಳ. ಯಾಕ ಬ್ಯಾಡ?
– ಬಾಗಲಕೋಟೆ

ಉತ್ತರ: ಅಜ್ಜಿ, ಈ ಮಾತಿನಲ್ಲಿ ಸೊಸೆಯ ಕಡೆ ನಮ್ಮ ಓಟು. ಕಾರಣ ಒಂದೊಂದಾಗಿ ಕೇಳಿ. ಜೇನಿನಲ್ಲಿ ಬೊಟುಲಿಸಂ ಎಂಬ ರೋಗದ ಬೀಜಾಣು ಇರಬಹುದು. ದೊಡ್ಡವರ ಕರುಳಿನಲ್ಲಿ ಅದು ಮೊಳೆಯದು, ವರ್ಷ ತುಂಬದ ಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ; ಕೂಸು ಬಾಳೆದಿಂಡಿನಂತೆ ಮೆತ್ತಗಾಗಿ ಹಾಲು ಚೀಪುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಜೇನು ಕಾಯಿಸಿದರೂ ಆ ಬೀಜಾಣು ಸಾಯುವುದಿಲ್ಲ. ಬಜೆ, ಜಾಜಿಕಾಯಿಗೆ ಮಂಪರು ತರಿಸುವ ಗುಣವಿದೆ. ‘ಗುಟ್ಟಿ ಹಾಕಿದರೆ ಚೆನ್ನಾಗಿ ಮಲಗುತ್ತದೆ’ ಅನ್ನುವುದು ಅದನ್ನೇ. ಮಲಗಿದ ಕೂಸು ಹಾಲು ಕೇಳುವುದಿಲ್ಲ. ಎರಡು ಸುತ್ತು ತೇಯುವುದು, ಐದು ಸುತ್ತು ತೇಯುವುದು ಎಂಬ ಅಳತೆ ಕೈಯಿಂದ ಕೈಗೆ ಬದಲಾಗುತ್ತದೆ, ತೇಯುವ ಕಲ್ಲನ್ನು ಕುದಿಸುವವರು ಯಾರೂ ಇಲ್ಲ.

ಔಡಲೆಣ್ಣೆ ಇನ್ನೂ ಕೆಟ್ಟದ್ದು. ಭೇದಿಯಾಗಿ ಕೂಸಿನ ಮೈನೀರು ಹೋಗುತ್ತದೆ. ಎಣ್ಣೆ ಗಂಟಲಿನಿಂದ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ವಾರಗಟ್ಟಲೆ ವಾಸಿಯಾಗದ ನ್ಯುಮೋನಿಯಾ. ಮೂಗಿಗೆ ಎಣ್ಣೆ ಬಿಡುವುದನ್ನೂ ಇದೇ ಕಾರಣಕ್ಕೆ ನಿಲ್ಲಿಸಿ, ಕಿವಿಗೂ ಬಿಡಬೇಡಿ. ‘ಹೊಟ್ಟೆ ತೊಳೆಯುವ’ ಅಗತ್ಯವೇ ಇಲ್ಲ: ಎದೆಹಾಲಿನ ಕೂಸು ಮೊದಲ ತಿಂಗಳು ದಿನಕ್ಕೆ ಎಂಟು ಸಲ ಹೇಲಬಹುದು, ಆರು ವಾರ ಕಳೆದ ಮೇಲೆ ವಾರಕ್ಕೊಮ್ಮೆ ಹೋಗಬಹುದು. ಮಲ ಮೆತ್ತಗಿದ್ದು ಕೂಸು ಹಾಲು ಕುಡಿಯುತ್ತಿದ್ದರೆ ಎರಡೂ ಸರಿಯೇ. ಆರು ತಿಂಗಳವರೆಗೆ ನೀರೂ ಬೇಡ, ಬಾಗಲಕೋಟೆಯ ಮೇ ತಿಂಗಳ ಬಿಸಿಲಿನಲ್ಲೂ ಬೇಡ; ಎದೆಹಾಲಿನಲ್ಲಿ ನೂರಕ್ಕೆ 87–88 ಪಾಲು ನೀರೇ ಇದೆ. ನಿಮ್ಮ ಕೈ ಬೇಕಾಗುವ ಕೆಲಸ ಬೇರೆ ಇದೆ. ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಮೈ ನೀವುವುದನ್ನು ನಿಮ್ಮಷ್ಟು ಚೆಂದ ಮಾಡುವವರು ಆ ಮನೆಯಲ್ಲಿ ಇರಲಿಕ್ಕಿಲ್ಲ.

ಪ್ರಶ್ನೆ: ಹೊಕ್ಕುಳಬಳ್ಳಿ ಇನ್ನೂ ಬಿದ್ದಿಲ್ಲ, ಒಂಬತ್ತು ದಿನವಾಯಿತು. ನೀರು ಹಾಕುವ ಅಜ್ಜಿ ಅರಿಶಿನ–ಎಣ್ಣೆ ಹಚ್ಚಿ ಅನ್ನುತ್ತಾರೆ. ಎಣ್ಣೆ ನೀರು, ಸಾಂಬ್ರಾಣಿ, ಕಾಡಿಗೆ ಇವುಗಳಲ್ಲಿ ಯಾವುದು ಸರಿ?
– ಮಂಡ್ಯ

ಉತ್ತರ: ಬಳ್ಳಿ ಬೀಳಲು ಒಂದರಿಂದ ಎರಡು ವಾರ ಬೇಕು, ಒಂಬತ್ತು ದಿನ ತಡವಲ್ಲ. ಅದಕ್ಕೆ ಏನನ್ನೂ ಹಚ್ಚಬೇಡಿ: ಅರಿಶಿನ, ಬೂದಿ, ಪೌಡರ್ ಯಾವುದೂ ಬೇಡ. ಒಣಗಿದಷ್ಟೂ ಬೇಗ ಬೀಳುತ್ತದೆ. ಲಂಗೋಟಿಯ ಅಂಚನ್ನು ಹೊಕ್ಕುಳಿನ ಕೆಳಗೆ ಮಡಚಿ ಕಟ್ಟಿ, ಉಚ್ಚೆ ತಾಗದಿರಲಿ. ಬೀಳುವಾಗ ಒಂದೆರಡು ಹನಿ ರಕ್ತ ಬಂದರೆ ಸಹಜ. ಸುತ್ತಲ ಚರ್ಮ ಕೆಂಪಾಗಿ ಊದಿದರೆ, ಕೀವು, ಕೆಟ್ಟ ವಾಸನೆ ಬಂದರೆ ಅಂದೇ ತೋರಿಸಿ. ಬಿದ್ದ ಮೇಲೆ ಒಳಗೆ ಕೆಂಪು ಕಾಳಿನಂಥ ಗಂಟು ಉಳಿದು ಒಸರುತ್ತಿದ್ದರೂ ತೋರಿಸಿ, ಸಣ್ಣ ಚಿಕಿತ್ಸೆಯಲ್ಲಿ ಒಣಗುತ್ತದೆ.

ಬಳ್ಳಿ ಬೀಳುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಆಮೇಲೆ ನೀರು ಹಾಕುವಾಗ ಬಚ್ಚಲ ಕಿಟಕಿ ಮುಚ್ಚಿ. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಮೊಣಕೈ ಅದ್ದಿ ನೋಡಿದರೆ ಬೆಚ್ಚಗಿರಬೇಕು, ಬಿಸಿ ಅನ್ನಿಸಬಾರದು. ಹಬೆಯಾಡುವ ಹಂಡೆ ನೀರನ್ನು ಚೊಂಬಿನಿಂದ ಎತ್ತರದಿಂದ ಹುಯ್ಯುವ ಪದ್ಧತಿ ಬೇಡ. ಚಾಚಿದ ಕಾಲ ಮೇಲೆ ಮಲಗಿಸಿಕೊಳ್ಳಬಹುದು, ಆದರೆ ಬೋರಲು ಹಾಕಿದಾಗ ಮೂಗು ಬಾಯಿ ನೀರಿಗೆ ತಾಗದಂತೆ ಹಣೆಗೆ ಅಂಗೈ ಕೊಟ್ಟಿರಬೇಕು. ಐದು ನಿಮಿಷ ಸಾಕು. ಮೂಗು ತೀಡುವುದು, ತಲೆ ಒತ್ತಿ ‘ಆಕಾರ’ ಕೊಡುವುದು, ಮೂಗಿಗೆ ಊದುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ಎಲ್ಲವನ್ನೂ ಬಿಡಿಸಿ. ಹುಟ್ಟಿದ ಮಗುವಿನ ಎದೆ ಗಂಡಾಗಲಿ ಹೆಣ್ಣಾಗಲಿ ತಾಯಿಯ ಹಾರ್ಮೋನಿನಿಂದ ತುಸು ಊದಿ ಹಾಲೂ ಜಿನುಗಬಹುದು. ಅದನ್ನು ಹಿಂಡಿದರೆ ಕೀವುಗಟ್ಟುತ್ತದೆ. ಇದೊಂದನ್ನು ಆ ಅಜ್ಜಿಗೆ ಖಡಾಖಂಡಿತ ಹೇಳಿ. ನೆತ್ತಿಗೆ ಎಣ್ಣೆ ತಟ್ಟಿದರೆ ಸುಳಿ ಬೇಗ ಕೂಡುವುದಿಲ್ಲ. ಅದು ಸಾಮಾನ್ಯವಾಗಿ 12ರಿಂದ 18 ತಿಂಗಳ ನಡುವೆ ತಾನೇ ಕೂಡುತ್ತದೆ.

ಸಾಂಬ್ರಾಣಿಯೂ ಹೊಗೆಯೇ, ಮಗುವಿನ ಶ್ವಾಸನಾಳಕ್ಕೆ ಸೌದೆ ಹೊಗೆಗೂ ಇದಕ್ಕೂ ವ್ಯತ್ಯಾಸ ತಿಳಿಯದು. ಟವೆಲಿನಲ್ಲಿ ಒತ್ತಿ ಒರೆಸಿದರೆ ಕೂದಲು ಒಣಗುತ್ತದೆ. ಅಂಗಡಿಯ ಕಾಡಿಗೆಯಲ್ಲಿ ಸೀಸ ಸಿಕ್ಕಿದ ಉದಾಹರಣೆಗಳಿವೆ, ಮನೆಯದಾದರೂ ಬೆರಳಿನ ಕೊಳೆ ಕಣ್ಣಿಗೆ ಹೋಗುತ್ತದೆ. ದೃಷ್ಟಿಬೊಟ್ಟು ಬೇಕೇ ಬೇಕೆಂದರೆ ಅಂಗಾಲಿಗೆ ಇಡಿ.

ಪ್ರಶ್ನೆ: ನಾಲ್ಕು ದಿನದ ಮಗುವಿಗೆ ಕಾಮಾಲೆ. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆಯೇ?
– ತುಮಕೂರು

ಉತ್ತರ: ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ನಿಮ್ಮ ಮಗುವಿನದು ಇತ್ಯರ್ಥವಾಗಿರುತ್ತದೆ, ಇದು ಮುಂದಿನವರಿಗೆ. ಎರಡು–ಮೂರನೆಯ ದಿನ ಶುರುವಾಗಿ ಎರಡು ವಾರದೊಳಗೆ ಇಳಿಯುವ ಕಾಮಾಲೆ ಬಹಳ ಮಕ್ಕಳಿಗೆ ಬರುತ್ತದೆ. ಮೊದಲ 24 ಗಂಟೆಯೊಳಗೇ ಕಂಡರೆ ಅದು ಯಾವತ್ತೂ ರೋಗವೇ. ಬೆಳಕಿರುವ ಕಿಟಕಿಯ ಬಳಿ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿ: ಹಳದಿ ಮುಖದಿಂದ ಕೆಳಕ್ಕಿಳಿಯುತ್ತದೆ, ಅಂಗೈ ಅಂಗಾಲಿಗೆ ತಲುಪಿದ್ದರೆ ತಡಮಾಡದೆ ಹೊರಡಿ. ಹಳದಿ ಬಣ್ಣ ತರುವ ಬಿಲಿರುಬಿನ್ ಎಂಬ ವಸ್ತು ರಕ್ತದಲ್ಲಿ ಮಿತಿಮೀರಿದರೆ ಮೆದುಳಿಗೆ ಹಾನಿ, ಕಿವುಡು. ಆಸ್ಪತ್ರೆಯ ನೀಲಿ ದೀಪದ ಚಿಕಿತ್ಸೆಗೆ ಬಿಸಿಲು ಸಾಟಿಯಲ್ಲ. ಸಾಕಷ್ಟು ಬೆಳಕು ತಾಗಲು ಎಷ್ಟು ಹೊತ್ತು ಬರಿಮೈಯಲ್ಲಿ ಹಿಡಿಯಬೇಕೋ ಅಷ್ಟರಲ್ಲಿ ಮಗು ತಣ್ಣಗಾಗುತ್ತದೆ, ಇಲ್ಲವೇ ಕಾದುಹೋಗುತ್ತದೆ. ಹಾಲು ಮಾತ್ರ ಎರಡು–ಮೂರು ಗಂಟೆಗೊಮ್ಮೆ ಎಬ್ಬಿಸಿಯಾದರೂ ಕುಡಿಸಿ. ಬಿಲಿರುಬಿನ್ ಹೊರಹೋಗುವುದು ಮುಖ್ಯವಾಗಿ ಮಲದಲ್ಲಿ.

ಇನ್ನೊಂದು ವಿಷಯ. ಎರಡು ವಾರ ಕಳೆದೂ ಹಳದಿ ಉಳಿದು, ಮಲ ಸುಣ್ಣದಂತೆ ಬಿಳಿಚಿ, ಉಚ್ಚೆ ಬಟ್ಟೆಗೆ ಹಳದಿ ಕಲೆ ಕಟ್ಟುತ್ತಿದ್ದರೆ ಪಿತ್ತನಾಳ ಮುಚ್ಚಿರುವ ಅನುಮಾನ. ಇದರ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಹೆಚ್ಚು. ‘ಇನ್ನೊಂದು ವಾರ ನೋಡೋಣ’ ಎಂದು ಕಾಯುವ ರೋಗವಲ್ಲ.

ಪ್ರಶ್ನೆ: ಆರನೆಯ ವಾರದ ಚುಚ್ಚುಮದ್ದಿನ ನಂತರ ಜ್ವರಕ್ಕೆ ಎಷ್ಟು ಔಷಧಿ? ವಿಟಮಿನ್ ಡಿ ಡ್ರಾಪ್ಸ್ ಎಷ್ಟು? ಅಮೆರಿಕದಿಂದ ಅಕ್ಕ ಒಂದು ಸೀಸೆ ಕಳಿಸಿದ್ದಾಳೆ, ಇಲ್ಲಿನದೂ ಇದೆ.
– ಬೆಂಗಳೂರು

ಉತ್ತರ: ಎರಡೂ ಪ್ರಶ್ನೆಗಳಲ್ಲಿ ಅಪಾಯ ಒಂದೇ, ಸೀಸೆಯ ಗಾಢತೆ ಓದದಿರುವುದು. ಪ್ಯಾರಾಸಿಟಮಾಲ್ ಲೆಕ್ಕ ತೂಕದ ಮೇಲೆ: ಕಿಲೋಗೆ 10ರಿಂದ 15 ಮಿ.ಗ್ರಾಂ. ನಾಲ್ಕೂವರೆ ಕಿಲೋ ಮಗುವಿಗೆ 50 ಮಿ.ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಎಂ.ಎಲ್.ಗೆ 100 ಮಿ.ಗ್ರಾಂ ಇರುವ ಡ್ರಾಪ್ಸ್ ಆದರೆ ಅರ್ಧ ಎಂ.ಎಲ್.; 5 ಎಂ.ಎಲ್.ಗೆ 120 ಅಥವಾ 125 ಮಿ.ಗ್ರಾಂ ಇರುವ ಸಿರಪ್ ಆದರೆ ಎರಡು ಎಂ.ಎಲ್. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು! ಲಸಿಕೆ ಹಾಕುವಲ್ಲೇ ಅಳತೆ ಬರೆಸಿಕೊಳ್ಳಿ, ಆರು ಗಂಟೆಯ ಅಂತರ ಬಿಡಿ. ಲಸಿಕೆಯಿಲ್ಲದೆ ಬಂದ ಜ್ವರಕ್ಕೆ ಈ ವಯಸ್ಸಿನಲ್ಲಿ ಮನೆಯಲ್ಲಿ ಔಷಧಿ ಬೇಡ, ನೇರ ವೈದ್ಯರ ಬಳಿಗೆ. ಎಡತೋಳಿನ ಬಿ.ಸಿ.ಜಿ. ಗುಳ್ಳೆ ವಾರಗಳ ನಂತರ ಕೀವಾಗಿ ಒಡೆದರೆ ಅದು ಸಹಜ, ಏನೂ ಹಚ್ಚಬೇಡಿ.

ವಿಟಮಿನ್ ಡಿ ದಿನಕ್ಕೆ 400 ಯೂನಿಟ್, ವರ್ಷ ತುಂಬುವವರೆಗೆ. ಇಲ್ಲಿನ ಸೀಸೆಗಳಲ್ಲಿ ಎಂ.ಎಲ್.ಗೆ 400 ಇರುವುದೂ ಇದೆ, 800 ಇರುವುದೂ ಇದೆ. ಎರಡನೆಯದಾದರೆ ಅರ್ಧ ಎಂ.ಎಲ್. ಸಾಕು. ಹೊರದೇಶದ ಕೆಲವು ಸೀಸೆಗಳಲ್ಲಿ ಒಂದೇ ಒಂದು ಹನಿಯಲ್ಲಿ 400 ಇರುತ್ತದೆ. ಅದನ್ನು ಎಂ.ಎಲ್. ಲೆಕ್ಕದಲ್ಲಿ ಹಾಕಿದರೆ ಹತ್ತಾರು ಪಟ್ಟು ಹೆಚ್ಚಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮನೆಯಲ್ಲಿ ಒಂದೇ ಬಗೆಯ ಸೀಸೆ ಇಟ್ಟುಕೊಳ್ಳಿ, ಇನ್ನೊಂದನ್ನು ಅಕ್ಕನಿಗೆ ಬೇಸರವಾಗದಂತೆ ಬೀರುವಿನಲ್ಲಿಡಿ.

ಪ್ರಶ್ನೆ: ತಲೆ ಗುಂಡಗಾಗಲು ಸಾಸಿವೆ ದಿಂಬು ಹಾಕಬಹುದೇ? ಬಿಕ್ಕಳಿಕೆ ಬಂದರೆ ನೀರು ಕುಡಿಸಬೇಕೇ?
– ಚಿತ್ರದುರ್ಗ

ಉತ್ತರ: ಎರಡೂ ಬೇಡ. ಅಂಗಾತ ಮಲಗಿಸಿ, ಗಟ್ಟಿ ಹಾಸಿಗೆ, ದಿಂಬಿಲ್ಲ, ಮುಖದ ಬಳಿ ಮೆತ್ತನೆಯ ಬಟ್ಟೆಯಿಲ್ಲ. ಎಚ್ಚರವಿದ್ದಾಗ, ನೀವು ಎದುರಿಗಿದ್ದಾಗ ದಿನಕ್ಕೆ ನಾಲ್ಕಾರು ಸಲ ಎರಡೆರಡು ನಿಮಿಷ ಬೋರಲು ಹಾಕಿದರೆ ತಲೆಯೂ ಗುಂಡಗಾಗುತ್ತದೆ, ಕತ್ತೂ ಗಟ್ಟಿಯಾಗುತ್ತದೆ. ಬಿಕ್ಕಳಿಕೆ ತಾನೇ ನಿಲ್ಲುತ್ತದೆ.

ಪ್ರಶ್ನೆ: ತಟ್ಟೆ ಬಡಿದರೆ ಮಗು ಬೆಚ್ಚುತ್ತದೆ. ಆದರೂ ಕಿವಿ ಪರೀಕ್ಷೆ ಬೇಕೇ?
– ನಂಜನಗೂಡು

ಉತ್ತರ: ಬೇಕು. ತಟ್ಟೆಯ ಸದ್ದಿಗೆ ಬೆಚ್ಚುವ ಮಗುವಿಗೂ ಮಾತಿನ ಸಣ್ಣ ದನಿಗಳು ಕೇಳದಿರಬಹುದು. ಮಲಗಿದ್ದಾಗ ಕಿವಿಗೆ ಪುಟ್ಟ ಮೊಗ್ಗು ಇಟ್ಟು ಮಾಡುವ ಪರೀಕ್ಷೆ, ನೋವಿಲ್ಲ. ಒಂದು ತಿಂಗಳೊಳಗೆ ಪರೀಕ್ಷೆ, ಮೂರರೊಳಗೆ ಖಚಿತ, ಆರರೊಳಗೆ ಚಿಕಿತ್ಸೆ ಎಂಬುದು ಲೆಕ್ಕ. ನಿಮಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರವೇ ಇದೆ.

ಪ್ರಶ್ನೆ: ನಮ್ಮದು ಘಟ್ಟದ ಮೇಲಿನ ಒಂಟಿ ಮನೆ, ಆಸ್ಪತ್ರೆಗೆ ಇಪ್ಪತ್ತೆರಡು ಕಿಲೋಮೀಟರ್. ಯಾವಾಗ ರಾತ್ರಿಯೇ ಹೊರಡಬೇಕು, ಯಾವಾಗ ಬೆಳಗಿನವರೆಗೆ ಕಾಯಬಹುದು?
– ಸಿದ್ದಾಪುರ

ಉತ್ತರ: ಎರಡು ತಿಂಗಳೊಳಗಿನ ಮಗು ಹಾಲು ಕುಡಿಯುವುದನ್ನು ನಿಲ್ಲಿಸಿತೆಂದರೆ ಬೆಳಗಿನವರೆಗೆ ಕಾಯುವಂತಿಲ್ಲ, ಜ್ವರ ಇರಲಿ ಇಲ್ಲದಿರಲಿ. ಈ ವಯಸ್ಸಿನಲ್ಲಿ ಸೋಂಕು ಜ್ವರವಾಗಿಯೇ ಕಾಣಬೇಕೆಂದಿಲ್ಲ, ಮೈ ತಣ್ಣಗಾಗಿಯೂ ಕಾಣುತ್ತದೆ. ಕಂಕುಳಿನಲ್ಲಿ 100.4 ಡಿಗ್ರಿ ದಾಟಿದರೆ ಹೊರಡಿ, 99.5 ದಾಟಿದ್ದರೆ ಹೊದಿಕೆ ಬಿಚ್ಚಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಆಗಲೂ ಇಳಿದಿರದಿದ್ದರೆ ಹೊರಡಿ. ಮಲಗಿದ್ದಾಗ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ: 60 ಅಥವಾ ಹೆಚ್ಚು ಇದ್ದರೆ ಮತ್ತೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ, ಅಥವಾ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ ಹೊರಡಿ. ಫಿಟ್ಸ್, ಹಸಿರು ವಾಂತಿ, ಉಬ್ಬಿದ ನೆತ್ತಿ, ಮುಟ್ಟಿದರೆ ಮಾತ್ರ ಅಲುಗಾಡುವ ಮಂಕು ಇವುಗಳಿಗೂ ಅದೇ ಮಾತು. ಸೀನು, ಕಟ್ಟಿದ ಮೂಗು, ಕುಡಿದ ಮೇಲೆ ತುಸು ಕಕ್ಕುವುದು, ಮೈಮೇಲೆ ಕೆಂಪು ಗುಳ್ಳೆ: ಹಾಲು ಚೆನ್ನಾಗಿ ಕುಡಿಯುತ್ತಿದ್ದರೆ ಬೆಳಗಾಗಲಿ.

108ಕ್ಕೆ ಈಗಲೇ, ಮಗು ಚೆನ್ನಾಗಿರುವಾಗಲೇ, ನಿಮ್ಮ ಮನೆಗೆ ದಾರಿ ಹೇಳುವುದು ಹೇಗೆಂದು ಯೋಚಿಸಿಟ್ಟುಕೊಳ್ಳಿ. ಮಣ್ಣುರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಟಾರ್ಚ್ ಹಿಡಿದು ಒಬ್ಬರು ಬಂದು ನಿಲ್ಲಬೇಕು. ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28, 42ನೆಯ ದಿನ ಮನೆಗೆ ಬರಬೇಕು. ಅವರ ನಂಬರ್ ಗೋಡೆಯ ಮೇಲೆ ಬರೆದಿಡಿ. ಹೊರಡುವಾಗ ಮಗುವಿಗೆ ಟೋಪಿ, ಲಂಗೋಟಿ ಮಾತ್ರ ಬಿಟ್ಟು ಬರಿಮೈಯಲ್ಲಿ ತಾಯಿಯ ಎರಡು ಎದೆಗಳ ನಡುವೆ ಕಪ್ಪೆಯಂತೆ ಕೂರಿಸಿ, ಮುಖ ಒಂದು ಪಕ್ಕಕ್ಕೆ ಹೊರಳಿಸಿ, ಮೇಲಿಂದ ಸೀರೆ, ಕಂಬಳಿ ಸುತ್ತಿ, ಮೂಗು ಮುಚ್ಚದಿರಲಿ. ಕುಡಿಯುವಂತಿದ್ದರೆ ದಾರಿಯಲ್ಲೂ ಹಾಲು ಕೊಡಿ. ತಾಯಿ ಕಾರ್ಡ್ ಮರೆಯಬೇಡಿ, ಹುಟ್ಟಿದಾಗಿನ ತೂಕ, ಹಾಕಿದ ಲಸಿಕೆ ಎಲ್ಲ ಅದರಲ್ಲೇ ಇರುವುದು.